ಹಳೆ ಟರ್ನ್‌ಟೇಬಲ್‌ನ ಸದ್ದಡಗಿಸಿದ್ದು

ನಿಮ್ಮ ಹತ್ತಿರ ಎಲ್‌ಪಿ ರೆಕಾರ್ಡ್ ಹಾಡಿಸುವ ಹಳೆ ಟರ್ನ್‌ಟೇಬಲ್ ಇದ್ದರೆ ಮೊದಲು ಇದನ್ನು ಮಾಡಿ ನೋಡಿ. ಮೋಟಾರ್ ಆಫ್ ಮಾಡಿ, ನಿಂತಿರುವ ಎಲ್‌ಪಿ ಮೇಲೆ ಸೂಜಿ ಇಳಿಸಿ. ವಾಲ್ಯೂಮ್ ಮಾಮೂಲಿಯಷ್ಟೇ ಇರಲಿ. ಈಗ ಬೆರಳಿನ ಗಿಣ್ಣಿನಿಂದ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ. ನನ್ನದರಲ್ಲಿ ಸ್ಪೀಕರಿನಿಂದ ‘ಧಡ್’ ಅಂತ ಬಂತು, ಯಾರೋ ಬಾಗಿಲು ಬಡಿದ ಹಾಗೆ.

ಸೂಜಿಗೆ ಹಾಡು ಯಾವುದು, ಪೆಟ್ಟಿಗೆಯ ನಡುಕ ಯಾವುದು ಅಂತ ಗೊತ್ತಾಗುವುದಿಲ್ಲ. ಅಲುಗಿದ್ದೆಲ್ಲವನ್ನೂ ಅದು ಸಂಗೀತ ಅಂತಲೇ ಕಳಿಸುತ್ತದೆ. ಸಾಲದ್ದಕ್ಕೆ, ಎಲ್‌ಪಿ ಕೊರೆಯುವಾಗ ತಗ್ಗು ಸ್ವರಗಳನ್ನು ಬೇಕಂತಲೇ ಕುಗ್ಗಿಸಿರುತ್ತಾರೆ, ಸೂಜಿಯ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಫೋನೋ ಆಂಪ್ಲಿಫೈಯರ್ ಅವನ್ನು ಮತ್ತೆ ಎತ್ತುತ್ತದೆ. 1954ರಿಂದ ರೂಢಿಗೆ ಬಂದ, ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘವಾದ ಆರ್‌ಐಎಎಯ ಲೆಕ್ಕದಲ್ಲಿ 20 ಹರ್ಟ್ಸ್‌ನ ಸದ್ದು 1000 ಹರ್ಟ್ಸ್‌ನದಕ್ಕಿಂತ ಸುಮಾರು 9 ಪಟ್ಟು ಜಾಸ್ತಿ ಏರುತ್ತದೆ. ಮೋಟಾರಿನ ಗುಡುಗುಡು, ನೆಲದ ನಡುಕ ಎಲ್ಲವೂ ಅದರ ಜೊತೆಗೇ ಏರುತ್ತವೆ. ಹಾಗಾಗಿ ನಾನು ಹೊಸದೇನನ್ನೂ ಸೇರಿಸಲು ಹೋಗಲಿಲ್ಲ. ಯಂತ್ರದ ಸದ್ದು ಅಡಗಿಸುವುದೊಂದೇ ನನ್ನ ಕೆಲಸವಾಗಿತ್ತು.

ನನ್ನದು 1970ರ ದಶಕದ ಬೆಲ್ಟ್ ಡ್ರೈವ್, ಅಂದರೆ ಮೋಟಾರು ಬೆಲ್ಟಿನಿಂದ ತಟ್ಟೆ ತಿರುಗಿಸುವಂಥದ್ದು. ಅಲ್ಯೂಮಿನಿಯಂ ತಟ್ಟೆ, ಮರದ ಪುಡಿ ಒತ್ತಿ ಮಾಡಿದ ಪೆಟ್ಟಿಗೆ, ಕೆಳಗೆ ತೆಳ್ಳನೆ ಹಾರ್ಡ್‌ಬೋರ್ಡ್. ಸೂಜಿ ಕೂರುವ ಪುಟ್ಟ ಡಬ್ಬಿ, ಅಂದರೆ ಕಾರ್ಟ್ರಿಜ್, ಮಾತ್ರ ಹೊಸದು.

ಮೊದಲ ವಾರ ಬರೀ ಶುಚಿ ಮಾಡುವುದರಲ್ಲೇ ಹೋಯಿತು. ಪ್ಲಗ್ ಕಿತ್ತು ತಟ್ಟೆ ಎತ್ತಿದೆ. ತಟ್ಟೆಯ ಕಡ್ಡಿ ತಿರುಗುವ ಬೇರಿಂಗ್‌ನ ಗುಂಡಿಯಲ್ಲಿ ಎಣ್ಣೆ ಕಪ್ಪು ಅಂಟಾಗಿ ಕೂತಿತ್ತು. ಹತ್ತಿಕಡ್ಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಿಡಿದು, ಕಡ್ಡಿ ಬೆಳ್ಳಗೇ ಹೊರಗೆ ಬರುವ ತನಕ ಒರೆಸಿದೆ. ಗುಂಡಿಯ ತಳದಲ್ಲಿ ಒಂದು ಪುಟ್ಟ ಉಕ್ಕಿನ ಗುಂಡು ಇರುತ್ತದೆ, ಇಡೀ ತಟ್ಟೆಯ ಭಾರ ಅದರ ಮೇಲೆ. ಅದು ಎಣ್ಣೆಗೆ ಅಂಟಿಕೊಂಡು ಗೊತ್ತಾಗದ ಹಾಗೆ ಹೊರಗೆ ಬಂದುಬಿಡಬಹುದು, ಜೋಪಾನ. ಆಮೇಲೆ ತೆಳು ಮೆಷಿನ್ ಎಣ್ಣೆ ನಾಲ್ಕು ಹನಿ ಬಿಟ್ಟು ತಟ್ಟೆ ಇಟ್ಟೆ. ಅದು ಥಟ್ಟನೆ ಕೂರಲಿಲ್ಲ. ಒಳಗಿನ ಗಾಳಿ ಹೊರಗೆ ಹೋದ ಹಾಗೆಲ್ಲ ನಿಧಾನಕ್ಕೆ ಇಳಿಯಿತು, ಒಂದು ನಿಮಿಷವೇ ಹಿಡಿಯಿತು. ಬೇರಿಂಗ್ ಸವೆದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಗುರುತು ಬೇಕಾ? ನನಗಂತೂ ಅದನ್ನು ನೋಡುತ್ತಾ ಕೂರುವುದೇ ಖುಷಿಯಾಗಿತ್ತು.

ಮೋಟಾರನ್ನು ಹಿಡಿದಿದ್ದ ರಬ್ಬರ್ ಬುಶ್‌ಗಳು ಕಲ್ಲಾಗಿದ್ದವು. ಹೊಸ ಮೆತ್ತನೆ ಬುಶ್ ಹಾಕಿದ್ದಕ್ಕೇ ಗುಂಯ್‌ಗುಡುವುದು ಅರ್ಧ ಇಳಿಯಿತು. ಸ್ವಿಚ್ ಮೇಲಿನ ಹಳೆ ಕೆಪಾಸಿಟರ್ ಬಿರುಕು ಬಿಟ್ಟಿತ್ತು, ಅದರ ಜಾಗಕ್ಕೆ ಅಷ್ಟೇ ಕೆಪಾಸಿಟಿಯ, ಮೇನ್ಸ್ ಕರೆಂಟಿಗೆ ತಕ್ಕ ಎಕ್ಸ್2 ದರ್ಜೆಯದು ಹಾಕಿದೆ. ಇದು ಮನೆಯ ಮೇನ್ಸ್ ಕರೆಂಟು ಬರುವ ಜಾಗ. ಅಭ್ಯಾಸ ಇಲ್ಲದವರು ಗೊತ್ತಿರುವವರ ಕೈಲೇ ಮಾಡಿಸಿ. ಬೆಲ್ಟ್ ಕೂಡ ಹೊಸದು. ವೇಗ ನೋಡಲು ಗೆರೆಗಳಿರುವ ಸ್ಟ್ರೋಬ್ ಕಾಗದವನ್ನು ತಟ್ಟೆಯ ಮೇಲಿಟ್ಟು, ಕರೆಂಟಿನ ದೀಪದಡಿ ತಿರುಗಿಸಿದರೆ ಸಾಕು. 50 ಹರ್ಟ್ಸ್ ಕರೆಂಟಿಗೆ 180 ಗೆರೆ, 60 ಹರ್ಟ್ಸ್‌ಗೆ 216. ನಿಮಿಷಕ್ಕೆ 33⅓ ಸುತ್ತು ಸರಿ ಇದ್ದರೆ ಗೆರೆಗಳು ನಿಂತ ಹಾಗೆ ಕಾಣುತ್ತವೆ. ನಿಯಾನ್ ದೀಪವಾದರೆ ಚೆನ್ನಾಗಿ ಕಾಣುತ್ತದೆ, ಎಷ್ಟೋ ಎಲ್‌ಇಡಿ ದೀಪಗಳಲ್ಲಿ ಕಾಣುವುದೇ ಇಲ್ಲ.

ಕಾರ್ಟ್ರಿಜ್ ಕೂರಿಸುವುದನ್ನೂ ಈ ಹಂತದಲ್ಲೇ ಮುಗಿಸಿದೆ. ಮುದ್ರಿಸಿದ ಅಳತೆಪಟ್ಟಿ ಇಟ್ಟು, ನಡುವಿನಿಂದ 66 ಮತ್ತು 120.9 ಮಿಲಿಮೀಟರ್ ದೂರದ ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗೆ ನೇರ ನಿಲ್ಲುವ ತನಕ ತಿದ್ದಿದೆ. ಸೂಜಿ ಎಷ್ಟು ಭಾರದಿಂದ ಒತ್ತುತ್ತದೆ ಅಂತ ತಿಳಿಯಲು, ಕಾರ್ಟ್ರಿಜ್ ಹಿಡಿದಿರುವ ಆರ್ಮ್‌ನ ಹಿಂದಿನ ತೂಕದ ಬಿಲ್ಲೆಯ ಮೇಲಿನ ಅಂಕಿಯನ್ನು ನಂಬಬೇಡಿ. ನಾನು 2 ಗ್ರಾಂ ಅಂತ ತಿರುಗಿಸಿದ್ದೆ, ಪುಟ್ಟ ಡಿಜಿಟಲ್ ತಕ್ಕಡಿ 1.6 ತೋರಿಸಿತು. ಎಲ್‌ಪಿಯ ಒಂದೊಂದು ಬದಿಯ ಕೊನೆಯ ಹಾಡುಗಳಲ್ಲಿ ದನಿ ಒಡೆಯುತ್ತಿದ್ದದ್ದು ಅದನ್ನು ತಿದ್ದಿದ ಮೇಲೆ ನಿಂತಿತು. ಇಷ್ಟು ಮಾಡದೆ ಉಳಿದದ್ದಕ್ಕೆ ಕೈಹಾಕಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಇನ್ನು ತಟ್ಟೆ. ನಡುವಿನ ತೂತಿಗೆ ದಾರ ಕಟ್ಟಿ ನೇತುಹಾಕಿ, ಚಮಚದ ಹಿಡಿಯಿಂದ ತಟ್ಟಿದೆ. ಠಣ್ಣ್ ಅಂತು. ಗಂಟೆಯ ಹಾಗೆ ಐದಾರು ಸೆಕೆಂಡು ಅನುರಣಿಸಿತು. ಹಾಡು ನಡೆಯುವಾಗಲೂ ಸೂಜಿ ಇದನ್ನೇ ಕೇಳುತ್ತಿರುತ್ತದೆ ಅಲ್ವಾ? ಒಣಗದ, ಎಣ್ಣೆಯಲ್ಲಿ ಕಲಸಿದ ಮಾಡೆಲಿಂಗ್ ಕ್ಲೇ 120 ಗ್ರಾಂ ತಂದೆ. 10 ಗ್ರಾಂನ 12 ಉಂಡೆ ಮಾಡಿ, ಒಂದೊಂದನ್ನೂ ತೂಗಿದೆ. ತಟ್ಟೆ ಮಗುಚಿ, ಹೊರ ಅಂಚಿನ ಒಳಭಾಗಕ್ಕೆ ಗಡಿಯಾರದ ಅಂಕಿಗಳ ಹಾಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಒಂದಕ್ಕೊಂದು ಸೇರಿಸಿದೆ. ತೂಕ ಒಂದು ಕಡೆಗೆ ವಾಲಬಾರದು. ಬೆಲ್ಟ್ ಓಡುವ ಒಳ ಬಳೆಗೆ, ಕೆಳಗಿನ ಮೋಟಾರಿನ ರಾಟೆಗೆ ಕ್ಲೇ ತಾಕಲೇಬಾರದು. ಮತ್ತೆ ನೇತುಹಾಕಿ ತಟ್ಟಿದರೆ ಬರೀ ‘ಟಕ್’. ಅಷ್ಟೇ, ಮುಗಿಯಿತು.

ಸಿಂಬಲ್‌ನ ಸದ್ದಿಗೆ ಮುಂಚೆ ಒಂದು ಹೊಳಪಿತ್ತು, ನಾನು ಅದನ್ನು ಚೆನ್ನಾಗಿದೆ ಅಂತಲೇ ತಿಳಿದಿದ್ದೆ. ಅದು ತಟ್ಟೆಯದ್ದು. ಅದು ಹೋದ ಮೇಲೆ ಸಿಂಬಲ್ ಹಿತ್ತಾಳೆಯ ಹಾಗೆ ಕೇಳಿಸಿತು, ಪಿಟೀಲಿನ ಬಿಲ್ಲು ತಂತಿಯ ಮೇಲೆ ಉಜ್ಜುವುದು ಬೇರೆಯಾಗಿ ಸಿಕ್ಕಿತು. ನಾನು ಮಾಡಿದ್ದರಲ್ಲೆಲ್ಲ ಇದಕ್ಕೇ ನನ್ನ ಮೊದಲ ಮಾರ್ಕು.

ಕೆಳಗಿನ ಹಾರ್ಡ್‌ಬೋರ್ಡ್ ಡೋಲಿನ ಚರ್ಮದ ಹಾಗೆ ನಡುಗುತ್ತಿತ್ತು. ಅದನ್ನು ತೆಗೆದು 12 ಮಿಲಿಮೀಟರ್ ಪ್ಲೈವುಡ್ ಕೂರಿಸಿದೆ, ಮೋಟಾರಿನ ಬಿಸಿಗೆ ನಾಲ್ಕು ತೂತು ಬಿಟ್ಟೆ. ಒಳಗೋಡೆಗೆ ಕಾರಿನ ಬಾಗಿಲಿಗೆ ಅಂಟಿಸುವಂಥ ಬ್ಯುಟೈಲ್ ಹಾಳೆ. ಒಳಗೆ ಸ್ಪ್ರಿಂಗ್ ಮೇಲೆ ತೂಗುವ ಮಾದರಿ ನಿಮ್ಮದಾದರೆ ತಟ್ಟೆಗೂ, ತೂಗುವ ಯಾವ ಭಾಗಕ್ಕೂ ಹೀಗೆ ತೂಕ ಸೇರಿಸಬೇಡಿ. ಸ್ಪ್ರಿಂಗ್‌ಗಳನ್ನು ಮೂಲ ತೂಕಕ್ಕೇ ಹದ ಮಾಡಿರುತ್ತಾರೆ.

ಎರಡು ಪ್ರಯೋಗ ಕೈಕೊಟ್ಟವು. ಕಾಲಿಗೆ ತೀರಾ ಮೆತ್ತನೆ ಸ್ಪಂಜ್ ಹಾಕಿದೆ. ಪಕ್ಕದಲ್ಲಿ ನಡೆದರೂ ಇಡೀ ಪೆಟ್ಟಿಗೆ ತೊಟ್ಟಿಲಿನ ಹಾಗೆ ತೂಗಿತು, ಸೂಜಿ ಜಿಗಿಯಿತು. ಸ್ಪಂಜ್ ತೆಗೆದು, ಸ್ಕ್ವಾಷ್ ಚೆಂಡುಗಳನ್ನು ಅರ್ಧ ಕತ್ತರಿಸಿ ಬೋರಲಾಗಿ ಇಟ್ಟೆ, ಕೆಳಗೊಂದು ಕಲ್ಲಿನ ಚಪ್ಪಡಿ. ಇದು ಸರಿಹೋಯಿತು. ಇನ್ನೊಂದು, ಆರ್ಮ್ ಕೊಳವೆಯ ಸುತ್ತ ಟೇಪ್. ಮಧ್ಯಮ ಸ್ವರಗಳು ಚೂರು ತಿಳಿಯಾದವು ನಿಜ, ಆದರೆ ಆರ್ಮ್ ಭಾರವಾಯಿತು. ಆರ್ಮ್ ಮತ್ತು ಕಾರ್ಟ್ರಿಜ್ ಸೇರಿ 8ರಿಂದ 12 ಹರ್ಟ್ಸ್ ನಡುವೆ ಕಂಪಿಸಿದರೆ ಒಳ್ಳೆಯದು. ಭಾರ ಏರಿದರೆ ಅದು ಕೆಳಗಿಳಿದು, ಸೊಟ್ಟ ಎಲ್‌ಪಿಯ ಏರಿಳಿತದ ಹತ್ತಿರ ಬರುತ್ತದೆ. ಸೊಟ್ಟಗಾಗಿದ್ದ ಒಂದು ಎಲ್‌ಪಿ ಮೇಲೆ ಆರ್ಮ್ ದೋಣಿಯ ಹಾಗೆ ಕುಣಿಯಿತು. ಅವತ್ತೇ ಬಿಚ್ಚಿದೆ.

ಕೊನೆಗೆ ತಂತಿ. ಸೂಜಿಯ ಜೊತೆ ಪುಟ್ಟ ಅಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಕೇಬಲ್‌ನ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಗುಣ, ಲೆಕ್ಕಕ್ಕೆ ಬರುತ್ತದೆ. ನನ್ನ ಕಾರ್ಟ್ರಿಜ್ ಕೇಳುವುದು ಆಂಪ್ಲಿಫೈಯರ್‌ನದ್ದೂ ಸೇರಿ 100ರಿಂದ 200 ಪಿಕೊಫ್ಯಾರಡ್. ಹಳೆ ಉದ್ದನೆ ಕೇಬಲ್ ಒಂದೇ ಅದನ್ನು ಮೀರಿತ್ತು. ಗಿಡ್ಡ, ಕಡಿಮೆ ಕೆಪಾಸಿಟೆನ್ಸ್‌ನ ಕೇಬಲ್ ಬೆಸುಗೆ ಹಾಕಿದೆ. ಕಾರ್ಟ್ರಿಜ್‌ನ ಪಿನ್ನಿಗೆ ಮಾತ್ರ ಕಾವು ತಾಗಿಸಬೇಡಿ, ಒಳಗಿನ ಕೂದಲಂಥ ತಂತಿ ಬಿಟ್ಟುಹೋಗುತ್ತದೆ. ಆರ್ಮ್ ತುದಿಯಲ್ಲಿ ಕಾರ್ಟ್ರಿಜ್ ಕೂರುವ ಹೆಡ್‌ಶೆಲ್‌ನ ನಾಲ್ಕು ತಂತಿಗೆ ಬಣ್ಣವೇ ಗುರುತು: ಬಿಳಿ ಎಡ, ಕೆಂಪು ಬಲ, ನೀಲಿ ಎಡದ ಗ್ರೌಂಡ್, ಹಸಿರು ಬಲದ ಗ್ರೌಂಡ್.

ಇಷ್ಟಾದ ಮೇಲೆ ಮೊದಲಿನ ಪರೀಕ್ಷೆ ಮತ್ತೆ ಮಾಡಿದೆ. ನಿಂತ ಎಲ್‌ಪಿ, ಅದೇ ವಾಲ್ಯೂಮ್, ಅದೇ ಗಿಣ್ಣು. ಸ್ಪೀಕರಿನ ಹತ್ತಿರ ಕಿವಿ ಇಟ್ಟರೆ ‘ತುಪ್’ ಅಂತ ಸಣ್ಣಗೆ ಕೇಳಿತು. ಮುಚ್ಚಳ ಹಾಕಿ ತಟ್ಟಿದಾಗ ಇನ್ನೂ ಸ್ವಲ್ಪ ಜಾಸ್ತಿ. ಈಗ ಹಾಡು ಹಾಕುವ ಮುಂಚೆ ಮುಚ್ಚಳ ಕಳಚಿ ಪಕ್ಕಕ್ಕಿಡುತ್ತೇನೆ.