ರಾಯಚೂರು ಬಿಸಲಿನಾಗ ಹತ್ತು ಜೀಬ್ರಾ ಮೀನ, ಎಂಟು ವಿಡೋ ಟೆಟ್ರಾ: ಮನ್ಯಾಗ ಮೀನ ಸಾಕಿದ ನನ್ನ ಅನುಭವ

"ಜೋಡಿ ಎಷ್ಟಣ್ಣಾ?" ಅಂಗಡ್ಯಾಗ ನಾನು ಕೇಳಿದ ಮೊದಲ ಮಾತು ಇದೇ. ನಮ್ಮ ಕಡೆ ಎಲ್ಲಾರೂ ಹಿಂಗೇ ಕೇಳ್ತಾರ, ಯಾಕಂದ್ರ ಮೀನ ಮಾರೋದೇ ಜೋಡಿ ಲೆಕ್ಕದಾಗ. ನಾನೂ ಹಂಗ ಒಂದ ಜೋಡಿ ನಿಯಾನ್ ಟೆಟ್ರಾ, ಒಂದ ಜೋಡಿ ಟೈಗರ್ ಬಾರ್ಬ್, ಒಂದ ಜೋಡಿ ಏಂಜಲ್, ಒಂದ ಜೋಡಿ ಜೀಬ್ರಾ, ಮತ್ತ "ಇದು ಟ್ಯಾಂಕ್ ಕ್ಲೀನ್ ಮಾಡ್ತೈತಿ, ಇರ್ಲಿ ತಗೋರಿ" ಅಂತ ಕೊಟ್ಟ ಸಕ್ಕರ್ ಒಂದು, ಒಟ್ಟು ಒಂಬತ್ತು ಮೀನ ತಗೊಂಡು ಬಂದು ಅದೇ ದಿನ ಸಂಜಿಗೆ ಹೊಸಾ ಟ್ಯಾಂಕಿಗೆ ಬಿಟ್ಟೆ. ಯುಗಾದಿ ಎದುರಿಗಿತ್ತು, ಮನ್ಯಾಗ ಎಲ್ಲಾರೂ ಖುಷಿಯಿಂದ ಸುತ್ತ ಕೂತು ನೋಡಿದ್ವಿ. ಹದಿನೈದು ದಿನದಾಗ ಉಳಿದದ್ದು ನಾಕೇ ನಾಕು.

ನಿಯಾನ್ ಎರಡೂ ಮೂರನೇ ದಿನ ಹೋದ್ವು. ಏಂಜಲ್ ಸತ್ತದ್ದು ಮಾತ್ರ ನನಗ ಇವತ್ತಿಗೂ ಮರೀಲಿಕ್ಕೆ ಆಗಿಲ್ಲ. ಅದರ ಹೊಟ್ಟಿ ಕೆಳಗ ದಾರದಂಗ ಎರಡು ಉದ್ದನ ರೆಕ್ಕಿ ಇರ್ತಾವ ನೋಡ್ರಿ, ಬಾರ್ಬ್ ಹಿಂದಿಂದ ಬಂದು ಅದನ್ನ ಬಾಯಾಗ ಹಿಡಿದು ಪಟ್ ಅಂತ ಎಳೆದು ಓಡಿ ಹೋಗ್ತಿತ್ತು, ಏಂಜಲ್ ತಿರುಗೋದ್ರೊಳಗ ಇನ್ನೊಂದು ಬಾರ್ಬ್ ಬಾಲಕ್ಕ ಬಾಯಿ ಹಾಕ್ತಿತ್ತು. ನಾಕ ದಿನದಾಗ ಆ ದಾರ ಹೋಗಿ ಮೊಂಡು ಉಳೀತು, ಆ ಮೊಂಡಿನ ತುದಿಗೆ ಹತ್ತಿ ಎಳಿ ಇಟ್ಟಂಗ ಬೆಳ್ಳಗ ಬೂಸ್ಟು ಹತ್ತಿತು. ನಮ್ಮ ಮಗಳು ಮೂರನೇ ಕ್ಲಾಸು, "ಅಪ್ಪಾ ಅದನ್ನ ಬ್ಯಾರೆ ಡಬ್ಬಿಗೆ ಹಾಕು" ಅಂತ ಹೇಳಿದ್ಲು, ನಾನು ನಾಳಿ ನೋಡೋಣ ಅಂದೆ, ನಾಳಿ ಅದು ಇರಲಿಲ್ಲ.

ಬಾರ್ಬ್ ಕೆಟ್ಟ ಮೀನ ಅಂತ ನಾನು ಹೇಳಂಗಿಲ್ಲ. ಆಮ್ಯಾಲ ಓದಿ, ಸಿಂಧನೂರಿನ ಗೆಳೆಯನ ಹತ್ರ ಕೇಳಿ ತಿಳ್ಕೊಂಡೆ. ಅವ್ನು ಹತ್ತು ವರ್ಷದಿಂದ ಮೀನ ಸಾಕ್ಯಾನ. ಅವ್ನು ಹೇಳಿದ್ದು ಇಷ್ಟೇ: "ಗುಂಪಿನ ಮೀನಿಗೆ ಗುಂಪು ಕೊಡ್ಲಿಲ್ಲಂದ್ರ ಒಂದೋ ಹೆದರಿ ಮೂಲಿ ಹಿಡೀತಾವ, ಇಲ್ಲಾ ಮಂದಿ ಮ್ಯಾಲ ಬೀಳ್ತಾವ." ಟೈಗರ್ ಬಾರ್ಬು, ಜೀಬ್ರಾ, ಟೆಟ್ರಾ, ಇವೆಲ್ಲ ಗುಂಪಿನಾಗ ಬದುಕೋ ಜಾತಿ. ಎಂಟು ಹತ್ತು ಇದ್ರ ಬೆನ್ನು ಹತ್ತೋದು, ದಬಾಯಿಸೋದು ಎಲ್ಲಾ ತಮ್ಮ ತಮ್ಮೊಳಗ ಹಂಚಿ ಹೋಗ್ತೈತಿ, ಯಾರಿಗೂ ಗಾಯ ಆಗೋವಷ್ಟು ಬೀಳಂಗಿಲ್ಲ. ಎರಡೇ ಇದ್ರ ಎಲ್ಲಾ ಒಂದರ ಮ್ಯಾಲೇ ಬೀಳ್ತೈತಿ, ಇಲ್ಲಾ ಪಕ್ಕದ ನಿಧಾನ ಮೀನಿನ ಮ್ಯಾಲ. ಐದು ಜಾತಿ ಎರಡೆರಡು ಅನ್ನೋದಕ್ಕಿಂತ ಒಂದೇ ಜಾತಿ ಹತ್ತು ಅನ್ನೋದೇ ಸರಿ ಅಂತ ನನಗ ಆವತ್ತೇ ಖಾತ್ರಿ ಆತು.

ಬಾರ್ಬ್ ಎರಡನ್ನೂ ಸಕ್ಕರ್‌ನ್ನೂ ಅಂಗಡಿಗೇ ವಾಪಸ್ ಕೊಟ್ಟೆ, ರೊಕ್ಕ ಕೇಳ್ಲಿಲ್ಲ. ಸಕ್ಕರ್ ಒಂದಡಿಗಿಂತ ಹೆಚ್ಚು ಬೆಳೆಯೋ ಮೀನ, ಸಣ್ಣ ಟ್ಯಾಂಕಿನಾಗ ಇಡೋದು ಅದಕ್ಕ ಜೈಲಿದ್ದಂಗ, ಅದು ಟ್ಯಾಂಕ್ ಕ್ಲೀನ್ ಮಾಡೋದಕ್ಕಿಂತ ಹೇಲೋದೇ ಹೆಚ್ಚು. ದಯಮಾಡಿ ಯಾರೂ ಅದನ್ನ ಕೆರಿಗೆ, ಕಾಲುವಿಗೆ ಬಿಡಬ್ಯಾಡ್ರಿ, ನಮ್ಮ ನೀರಿನ ಮೀನ ಅಲ್ಲ ಅದು, ಬಿಟ್ಟಲ್ಲೆಲ್ಲಾ ಹಬ್ಬಿ ನಮ್ಮ ಮೀನಿಗೆ ಜಾಗ ಇಲ್ಲದಂಗ ಮಾಡ್ತೈತಿ. ಉಳಿದ ಒಂದು ಜೀಬ್ರಾ ಮಾತ್ರ ಪ್ಲಾಸ್ಟಿಕ್ ಟಬ್ಬಿನಾಗ ಇಟ್ಕೊಂಡೆ, ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿ ಮಾಡ್ಕೋತ. ಅದು ದಿನಪೂರ್ತಿ ಏರ್ ಪೈಪಿನ ಹಿಂದ ನಿಂತಿರ್ತಿತ್ತು, ಊಟ ಹಾಕಿದ್ರೂ ನಾವು ಆ ಕಡೆ ಹೋದ ಮ್ಯಾಲೇ ಹೊರಗ ಬರೋದು.

ಎರಡನೇ ಸರ್ತಿ ಶುರು ಮಾಡಿದ್ದು ಕಾರ ಹುಣ್ಣಿಮಿ ಆದ ಮ್ಯಾಲ. ಈ ಸಲ ಮೀನ ಕೊನಿಗೆ, ನೀರು ಮೊದಲು.

ಟ್ಯಾಂಕು ಎರಡೂವರಿ ಅಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ. ಲೆಕ್ಕಕ್ಕ 88 ಲೀಟರ್ ಆಗ್ತೈತಿ, ಕೆಳಗ ಜಲ್ಲಿ ಹಾಕಿ ಮ್ಯಾಲ ಸ್ವಲ್ಪ ಬಿಟ್ರ ನಿಜವಾಗಿ ಹಿಡಿಯೋದು 75 ಲೀಟರ್. ಎತ್ತರಕ್ಕಿಂತ ಉದ್ದ ಮುಖ್ಯ ಅಂತ ತಿಳೀರಿ, ಗುಂಪಿನ ಮೀನ ಆ ತುದಿಯಿಂದ ಈ ತುದಿಗೆ ಓಡ್ಬೇಕು. ಮೊದಲು ಮ್ಯಾಲಿನ ರೂಮಿನಾಗ ಇಟ್ಟಿದ್ದೆ, ಆರ್‌ಸಿಸಿ ಸ್ಲ್ಯಾಬಿನ ಕೆಳಗ, ನಮ್ಮೂರ ಬ್ಯಾಸಿಗಿ ಗೊತ್ತೈತಲ್ಲ, ರಾತ್ರಿ ಹತ್ತಕ್ಕೂ ಗ್ವಾಡಿ ಮುಟ್ಟಿದ್ರ ಬಿಸಿ. ಈ ಸಲ ಕೆಳಗ ಪಡಸಾಲ್ಯಾಗ ಬಿಸಲು ಬೀಳದ ಗ್ವಾಡಿಗೆ, ಗಟ್ಟಿ ಕಬ್ಬಿಣದ ಸ್ಟ್ಯಾಂಡಿನ ಮ್ಯಾಲ ಇಟ್ಟೆ, ನೀರು ಜಲ್ಲಿ ಗ್ಲಾಸು ಕೂಡಿ ನೂರು ಕೆಜಿ ದಾಟ್ತೈತಿ, ಸಾದಾ ಟೇಬಲ್ ತಾಳಂಗಿಲ್ಲ.

ನೀರಿನ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ನನ್ನ ಮೀನ ಸತ್ತದ್ದೇ ಇದರಾಗ. ನಮ್ಮ ಮನಿ ಬೋರಿನ ನೀರು ಗಡಸು, ಕೊಡದ ತಳಕ್ಕ ಬೆಳ್ಳಗ ಉಪ್ಪು ಕಟ್ಟೋ ನೀರು, ನೀರಿನಾಗ ಕರಗಿದ ಉಪ್ಪು ಅಳಿಯೋ ಟಿಡಿಎಸ್ ಮೀಟರ್ ಹಾಕಿದ್ರ 850 ತೋರಿಸ್ತು, ಪಿಎಚ್ 8.2 (ಪಿಎಚ್ 7ಕ್ಕಿಂತ ಕೆಳಗಿದ್ರ ಹುಳಿ ಗುಣ, ಮ್ಯಾಲಿದ್ರ ಕ್ಷಾರ ಗುಣ). ನದಿಯಿಂದ ಬರೋ ನಳದ ನೀರು ಅದಕ್ಕಿಂತ ಭಾಳ ಮೆದು, 300ರ ಆಸುಪಾಸು. ನಿಯಾನ್ ಟೆಟ್ರಾ ಅಮೆಜಾನ್ ಕಡಿ ಕಾಡಿನ ಹಳ್ಳದ ಮೀನ, ಅಲ್ಲಿ ನೀರು ಮೆದು, ಸ್ವಲ್ಪ ಹುಳಿ ಗುಣದ್ದು, ನೆರಳಿನಾಗ ತಂಪು. ಅದನ್ನ ತಂದು ನಮ್ಮ ಬೋರಿನ ನೀರಿಗೆ, ಅದೂ ಮಾರ್ಚ್ ಕೊನಿಗೆ ಹಾಕಿದ್ರ ಹೆಂಗ ಬದುಕ್ತೈತಿ? ಆದ್ರ ಬರೀ ನಿಯಾನ್ ಅಲ್ಲ, ಜೀಬ್ರಾನೂ ಒಂದು ಸತ್ತಿತ್ತಲ್ಲ, ಅದಕ್ಕ ಕಾರಣ ಅಮೋನಿಯಾ. ಮೀನಿನ ಹೇಲು, ಉಳಿದ ಊಟ ಕೊಳೆತು ಅಮೋನಿಯಾ ಆಗ್ತೈತಿ, ಒಂದು ನಮೂನಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತಾವ, ಅದೂ ವಿಷಾನೇ, ಆಮ್ಯಾಲ ಇನ್ನೊಂದು ನಮೂನಿ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡ್ತಾವ, ಅದು ಹೆಚ್ಚಾಗದಿದ್ರ ತ್ರಾಸಿಲ್ಲ, ನೀರು ಬದಲಿ ಮಾಡಿದ್ರ ಹೋಗ್ತೈತಿ. ಹೊಸಾ ಟ್ಯಾಂಕಿನಾಗ ಈ ಬ್ಯಾಕ್ಟೀರಿಯಾನೇ ಇರಂಗಿಲ್ಲ. ಇನ್ನ ನಮ್ಮಂಥ ಊರಿಗೆ ಇದು ಇನ್ನೂ ಕಠಿಣ ಯಾಕಂದ್ರ ಪಿಎಚ್ 7 ಇದ್ದದ್ದು 8 ಆದ್ರ ಅಮೋನಿಯಾದೊಳಗಿನ ವಿಷದ ಪಾಲು ಸುಮಾರು ಹತ್ತು ಪಟ್ಟು ಏರ್ತೈತಿ, ನೀರು ಬಿಸಿ ಆದಷ್ಟೂ ಮತ್ತ ಏರ್ತೈತಿ. ಅದಕ್ಕ ತಂಪು ಊರಿನವ್ರು "ಒಂದು ವಾರ ನೀರು ಬಿಟ್ಟು ಮೀನ ಹಾಕ್ರಿ" ಅಂದದ್ದು ಕೇಳಿ ಇಲ್ಲಿ ಮಾಡಿದ್ರ ಮೀನ ಉಳಿಯಂಗಿಲ್ಲ.

ನಾನು ಮಾಡಿದ್ದು ಹಿಂಗ. ನಳದ ನೀರು ಬಂದ ದಿನ ಡ್ರಮ್ಮಿಗೆ ಹಿಡಿದು, ಗಾಳಿ ಗುಳ್ಳಿ ಬಿಡೋ ಏರ್ ಕಲ್ಲು ಬಿಟ್ಟು ಒಂದು ದಿನ ತೆರೆದಿಟ್ರ ಕ್ಲೋರಿನ್ ಹೋಗ್ತೈತಿ, ಅದೇ ನೀರು ಟ್ಯಾಂಕಿಗೆ ತುಂಬಿದೆ. ಸ್ಪಂಜ್ ಫಿಲ್ಟರ್ ಹಾಕಿದೆ. ಮೀನ ಇಲ್ಲದ ಟ್ಯಾಂಕಿಗೆ ದಿನಾ ಚಿಟಿಕಿ ಮೀನಿನ ಊಟ ಹಾಕ್ಕೋತ ಹೋದೆ, ಅದು ಕೊಳೀಲಿ ಅಂತ. ನಮ್ಮವ್ವ ದಿನಾ ನೋಡಿ "ಯಾರಿಗಪ್ಪಾ ಹಾಕ್ತಿ, ಒಳಗ ಯಾರೂ ಇಲ್ಲಲ್ಲ" ಅಂತಿದ್ಲು, ಕಣ್ಣಿಗೆ ಕಾಣದ ಹುಳಕ್ಕಬೇ ಅಂದೆ. ಎರಡನೇ ವಾರ ಗೆಳೆಯ ತನ್ನ ಹಳೇ ಫಿಲ್ಟರಿನ ಸ್ಪಂಜ್ ಒದ್ದಿ ಕವರಿನಾಗ ಕಟ್ಟಿ ಬಸ್ಸಿಗೆ ತಂದುಕೊಟ್ಟ, ಟ್ಯಾಂಕಿನಾಗ ಹಿಂಡಿದ್ರ ಚಹಾದಂಗ ಕೆಂಚ ನೀರು ಬಂತು, ಅದರಾಗೇ ಆ ಬ್ಯಾಕ್ಟೀರಿಯಾ ಎಲ್ಲಾ ಇರೋದು. ಹನಿ ಹಾಕಿ ಬಣ್ಣ ನೋಡೋ ಟೆಸ್ಟ್ ಕಿಟ್ ತಗೊಂಡಿದ್ದೆ, ಮೀನಿಗಿಂತ ಮೊದಲು ರೊಕ್ಕ ಹಾಕ್ಬೇಕಾದ್ದು ಅದಕ್ಕೇ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಅಮೋನಿಯಾ ಟ್ಯೂಬು ಹಸಿರು ಆಗಿ ಹಸಿರಾಗೇ ನಿಂತು, ಐದನೇ ವಾರ ಒಂದು ಮುಂಜಾನಿ ಹಳದಿಗೆ ಬಂತು, ಅಂದ್ರ ಅಮೋನಿಯಾ ಇಲ್ಲ ಅಂತ. ನೈಟ್ರೈಟೂ ಇಳೀತು. ಇನ್ನೂ ಒಂದು ವಾರ ಊಟ ಹಾಕಿ ನೋಡಿದೆ, ಹಳದಿನೇ ಇತ್ತು.

ಯಾವ ಮೀನ ಅಂತ ಆರಿಸೋದು ಈ ಸಲ ಭಾಳ ಸುಲಭ ಆತು, ನನಗ ಬೇಕಾದ್ದು ಯಾವುದು ಅಂತ ನೋಡ್ಲಿಲ್ಲ, ನಮ್ಮ ನೀರಿಗೆ ನಮ್ಮ ಬಿಸಲಿಗೆ ತಾಳೋದು ಯಾವುದು ಅಂತ ನೋಡಿದೆ. ಮೊದಲ್ನೇದು ಜೀಬ್ರಾ. ಇದು ಪರದೇಶದ್ದಲ್ಲ, ನಮ್ಮದೇ ದೇಶದ ಹಳ್ಳ, ಗದ್ದಿ ಕಾಲುವಿ, ನಿಧಾನ ಹರಿಯೋ ನೀರಿನ ಮೀನ. ಇದಕ್ಕ 1822ರಾಗ ಶಾಸ್ತ್ರದ ಹೆಸರಿಟ್ಟ ಫ್ರಾನ್ಸಿಸ್ ಹ್ಯಾಮಿಲ್ಟನ್ ಅಂದ್ರ ಬ್ಯಾರೆ ಯಾರೂ ಅಲ್ಲ, ಟಿಪ್ಪು ಸತ್ತ ಮ್ಯಾಲ 1800ರಾಗ ಮೈಸೂರು ಸೀಮಿ ಸುತ್ತಿ ಬರೆದಿಟ್ಟ ಬುಕಾನನ್ ಅದಾನಲ್ಲ, ಅವನೇ, ಇದು ಗೊತ್ತಾದಾಗ ನನಗ ಭಾಳ ಖುಷಿ ಆತು. ಎರಡನೇದು ಅಂಗಡ್ಯಾಗ ವಿಡೋ ಟೆಟ್ರಾ ಅಂತ ಕರಿಯೋದು, ಬೆಳ್ಳಿ ಮೈ, ಹಿಂದಕ ಕರೀ ರೆಕ್ಕಿ. ದಕ್ಷಿಣ ಅಮೆರಿಕಾದ್ದಾದ್ರೂ ಗಟ್ಟಿ ಜೀವ, ಸ್ವಲ್ಪ ಗಡಸು ನೀರಿಗೂ ಹೊಂದ್ಕೋತೈತಿ. ಜೀಬ್ರಾ ಮ್ಯಾಲ ಓಡ್ತಾವ, ವಿಡೋ ನಡುವ ನಿಲ್ತಾವ, ಒಬ್ರ ದಾರಿಗೆ ಒಬ್ರು ಬರಂಗಿಲ್ಲ, ಎರಡೂ ಒಂದೇ ಊಟ ತಿಂತಾವ, ಒಂದಕ್ಕೊಂದು ಬಾಯಾಗ ಹಿಡಿಸೋವಷ್ಟು ಸಣ್ಣವಲ್ಲ. ವಿಡೋ ಜೋಡಿ ಗಪ್ಪಿ, ಫೈಟರ್, ಏಂಜಲ್ ಮಾತ್ರ ಹಾಕಬ್ಯಾಡ್ರಿ, ಉದ್ದನ ರೆಕ್ಕಿ ಕಂಡ್ರ ಇವೂ ಕಚ್ತಾವ. ಗುಲಾಬಿ, ನೀಲಿ ಬಣ್ಣ ತುಂಬಿದ ವಿಡೋನೂ ಸಿಗ್ತಾವ, ಮೀನಿನ ಮೈಗೆ ಬಣ್ಣ ಹಾಕೋದು ಹಿಂಸೆ, ನಾವು ತಗೊಳ್ಳೋದು ಬಿಟ್ರ ಅವ್ರು ಹಾಕೋದು ಬಿಡ್ತಾರ.

ಪಂಚಮಿಗೆ ಎರಡು ವಾರ ಮುಂದ ಒಂಬತ್ತು ಜೀಬ್ರಾ ತಗೊಂಡು ಬಂದು ಬ್ಯಾರೆ ಟಬ್ಬಿನಾಗ ಇಟ್ಟೆ, ರೋಗ ಗೀಗ ಇದ್ರ ಅಲ್ಲೇ ಗೊತ್ತಾಗ್ಲಿ ಅಂತ. ಅಂಗಡಿಯವ್ರು "ಒಂಬತ್ತಾ? ಜೋಡಿ ಆಗಂಗಿಲ್ಲಲ್ರಿ" ಅಂದ್ರು, ಮನ್ಯಾಗ ಒಂದೈತ್ರಿ ಅಂದೆ. ಪಂಚಮಿ ದಿನ ಮಧ್ಯಾಹ್ನ ಮೊದಲು ನಮ್ಮ ಹಳೇ ಜೀಬ್ರಾನ ಟ್ಯಾಂಕಿಗೆ ಬಿಟ್ಟೆ, ಸೀದಾ ಹೋಗಿ ಫಿಲ್ಟರಿನ ಹಿಂದ ನಿಂತು. ಆಮ್ಯಾಲ ಒಂಬತ್ತನ್ನ ಕವರಿನಾಗ ಹಾಕಿ ಇಪ್ಪತ್ತು ನಿಮಿಷ ನೀರಿನ ಮ್ಯಾಲ ತೇಲಿಸಿ, ಕವರಿಗೆ ಟ್ಯಾಂಕಿನ ನೀರು ಲೋಟದಿಂದ ಸ್ವಲ್ಪ ಸ್ವಲ್ಪ ಹಾಕಿ, ಜಾಳಿಗಿಲೆ ಎತ್ತಿ ಬಿಟ್ಟೆ. ಒಂಬತ್ತೂ ಒಂದು ಉಂಡಿ ಆಗಿ ಈ ಮೂಲಿಗೆ ಬಂದ್ವು, ಒಂದು ಕ್ಷಣ ನಿಂತು, ಉದ್ದಕ್ಕ ಆ ಕಡೆ ಹೋದ್ವು. ಎರಡನೇ ಸುತ್ತಿಗೆ ಫಿಲ್ಟರ್ ಮುಂದ ಹಾಯೋವಾಗ ಹಳೇದು ಮೂತಿ ಹೊರಗ ಹಾಕಿತು. ಮೂರನೇ ಸುತ್ತಿಗೆ ಅದು ಅಲ್ಲಿರಲಿಲ್ಲ. ಮಗಳು ಗ್ಲಾಸಿಗೆ ಬೆರಳಿಟ್ಟು ಎಣಿಸಿದ್ಲು, ಹತ್ತು. ನಾಕು ತಿಂಗಳು ಪೈಪಿನ ಹಿಂದ ನಿಂತ ಜೀವ, ಆವತ್ತಿಂದ ಯಾವುದು ಹಳೇದು ಯಾವುದು ಹೊಸದು ಅಂತ ನಮಗೂ ಗುರುತು ಹತ್ತಿಲ್ಲ.

ವಿಡೋ ಎಂಟು ತಂದದ್ದು ಗಣಪತಿ ಹಬ್ಬ ಆದ ಮ್ಯಾಲ, ಅವನ್ನೂ ಎರಡು ವಾರ ಟಬ್ಬಿನಾಗ ಇಟ್ಟೇ ಬಿಟ್ಟೆ. ಬಿಟ್ಟ ಮ್ಯಾಲ ಮೂರು ದಿನ ದಿನಾ ಟೆಸ್ಟ್ ಮಾಡಿದೆ, ಅಮೋನಿಯಾ ಏರ್ಲಿಲ್ಲ. ಊಟ ದಿನಕ್ಕ ಎರಡು ಸಲ, ಎರಡು ನಿಮಿಷದಾಗ ಮುಗಿಯೋವಷ್ಟು. ವಾರಕ್ಕೊಮ್ಮೆ 20 ಲೀಟರ್ ನೀರು ತೆಗೆದು ಡ್ರಮ್ಮಿನ ನೀರು ಹಾಕೋದು, ಸ್ಪಂಜನ್ನ ಆ ತೆಗೆದ ನೀರಿನಾಗೇ ಹಿಂಡೋದು, ನಳದ ಕೆಳಗ ಹಿಡಿದ್ರ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯ್ತಾವ.

ಬ್ಯಾಸಿಗಿ ಬಂದಾಗ ನನಗ ನಿದ್ದಿ ಇರಲಿಲ್ಲ. ಏಪ್ರಿಲ್ ಕೊನಿಗೆ ನೀರು 33.5 ಡಿಗ್ರಿ ಮುಟ್ಟಿತು. 25 ಡಿಗ್ರಿ ನೀರಿನಾಗ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಕ್ಸಿಜನ್ ಹಿಡಿದ್ರ 35ಕ್ಕ 7ರ ಹತ್ರ ಇಳೀತೈತಿ, ಅದೇ ಹೊತ್ತಿಗೆ ಬಿಸಿಗೆ ಮೀನಿಗೆ ಹೆಚ್ಚು ಉಸಿರು ಬೇಕಾಗ್ತೈತಿ. ಒಂದು ದಿನ ಬಾಟ್ಲಿ ಐಸ್ ಇಟ್ಟೆ, ಒಂದು ತಾಸಿನಾಗ ಒಂದು ಮೂಲಿ 27ಕ್ಕ ಇಳಿದು ಮೀನ ಎಲ್ಲಾ ಇನ್ನೊಂದು ಮೂಲಿಗೆ ಒತ್ತರಿಸಿ ನಿಂತ್ವು, ತಕ್ಷಣ ತೆಗೆದೆ, ಮತ್ತ ಎಂದೂ ಇಟ್ಟಿಲ್ಲ. ಕೆಲಸಕ್ಕ ಬಂದದ್ದು ಮುಚ್ಚಳ ತೆಗೆದು ಜಾಳಿಗಿ ಹಾಕಿ, ಸಣ್ಣ ಟೇಬಲ್ ಫ್ಯಾನು ನೀರಿನ ಮ್ಯಾಲ ಅಡ್ಡ ಬೀಸಂಗ ಇಟ್ಟದ್ದು, ಮೂರು ಡಿಗ್ರಿ ಇಳೀತು, ಮಡಕಿ ನೀರು ತಂಪಾಗೋ ಲೆಕ್ಕಾನೇ ಇದು. ದಿನಕ್ಕ ಎರಡು ಲೀಟರ್ ಆರಿ ಹೋಗ್ತಿತ್ತು, ಅದನ್ನ ಬೋರಿನ ನೀರಿನಿಂದ ತುಂಬಬ್ಯಾಡ್ರಿ, ಆರೋದು ಬರೀ ನೀರು, ಉಪ್ಪು ಅಲ್ಲೇ ಉಳೀತೈತಿ, ಮ್ಯಾಲಿಂದ ಮತ್ತ ಉಪ್ಪು ಹಾಕಿದಂಗ ಆಗ್ತೈತಿ. ನಾನು ಕುಡಿಯೋ ಆರ್‌ಓ ನೀರು ಹಾಕಿದೆ, ಆರಿದ್ದು ತುಂಬಲಿಕ್ಕೆ ಮಾತ್ರ, ವಾರಕ್ಕೊಮ್ಮೆ ನೀರು ಬದಲಿ ಮಾಡಲಿಕ್ಕೆ ಅಲ್ಲ. ಕರೆಂಟ್ ಹೋದಾಗಿನ ಸಲುವಾಗಿ ಬ್ಯಾಟರಿ ಏರ್ ಪಂಪು ಒಂದು ಪಕ್ಕಕ್ಕೇ ಇರ್ತೈತಿ. ಆ ಬ್ಯಾಸಿಗಿ ವಿಡೋ ಒಂದು ಹೋತು, ಆಮ್ಯಾಲ ಒಂದು ತಂದು ಮತ್ತ ಎಂಟು ಮಾಡಿದೆ. ಜೀಬ್ರಾ ಹತ್ತೂ ಅದಾವ.

ಮೊನ್ನಿ ಮಳಿ ಬಿದ್ದು ತಂಪಾದ ಮ್ಯಾಲ ಹೊಟ್ಟಿ ದುಂಡಗಾದ ಹೆಣ್ಣು ಜೀಬ್ರಾ ಎರಡು, ಗಂಡು ಮೂರು ಹಿಡಿದು ಟಬ್ಬಿಗೆ ಹಾಕಿದ್ವಿ, ತಳಕ್ಕ ಮಗಳ ಗೋಲಿ ಪೂರಾ ಹಾಸಿ. ಜೀಬ್ರಾ ತಮ್ಮ ತತ್ತಿ ತಾವೇ ತಿಂತಾವ, ಗೋಲಿ ಸಂದ್ಯಾಗ ಬಿದ್ರ ಉಳೀತಾವ. ಮರುದಿನ ನಸುಕಿಗೆ ದೊಡ್ಡ ಮೀನ ತೆಗೆದು, ಮಗಳು ಗೋಲಿ ಒಂದೊಂದೇ ಎತ್ತಿದ್ಲು, ಕೆಳಗ ಗಾಜಿನ ಕಾಳಿನಂಗ ತತ್ತಿ. ಅದರ ಮರುದಿನ ಭೂತಗನ್ನಡಿ ಹಿಡಿದು ನೋಡಿದ್ರ ತತ್ತಿಯೊಳಗ ಸಣ್ಣ ಗೆರಿ ಮಿಸುಕ್ತಿತ್ತು. ಮೂರನೇ ದಿನ ಗ್ಲಾಸಿಗೆ ಕೂದಲೆಳಿಯಂಥ ಮರಿ ಅಂಟಿ ನಿಂತಿದ್ವು, ಎಣಿಸಿದ್ಲು, 23. ಬೇಯಿಸಿದ ಕೋಳಿ ತತ್ತಿ ಹಳದಿ ನೀರಿನಾಗ ಕದಡಿ ಒಂದೊಂದು ಹನಿ ಹಾಕ್ಲಿಕ್ಕತ್ತೀವಿ. ದೊಡ್ಡವಾದ ಮ್ಯಾಲ ಯಾರಿಗಾದ್ರೂ ಬೇಕಂದ್ರ ಕೊಡ್ತೀವಿ, ಹತ್ತು ಹತ್ತು ಮಾತ್ರ, ಜೋಡಿ ಕೊಡಂಗಿಲ್ಲ ಅಂತ ಮಗಳು ಈಗ್ಲೇ ಹೇಳ್ಯಾಳ.