ದೊಡ್ಡ ಫೋಟೋ ಪ್ರಿಂಟ್ ಹಾಕಿಸುವ ಮುನ್ನ ಖರ್ಚಿನ ಲೆಕ್ಕ

ಮೈಸೂರಿನ ಫೋಟೋ ಲ್ಯಾಬಿನಲ್ಲಿ 24×36 ಇಂಚಿನ ಚಿತ್ರಕ್ಕೆ ಎಷ್ಟಾಗುತ್ತದೆ ಎಂದು ವಿಚಾರಿಸಿದಾಗ ಪ್ರಿಂಟು, ಲ್ಯಾಮಿನೇಷನ್, ಕಟ್ಟು (ಫ್ರೇಮು), ಗಾಜು ಎಲ್ಲವನ್ನೂ ಸೇರಿಸಿ ಒಂದೇ ಮೊತ್ತ ಹೇಳಿದರೆ, ಎರಡು ಅಂಗಡಿಗಳ ದರವನ್ನು ಹೋಲಿಸಿ ನೋಡಲು ಸಾಧ್ಯವಾಗುವುದಿಲ್ಲ. ಬರೀ ಪ್ರಿಂಟಿಗೆ ಚದರ ಅಡಿಗೆ ಎಷ್ಟು, ಕಟ್ಟಿಗೆ ಅಡಿ ಲೆಕ್ಕದಲ್ಲಿ ಎಷ್ಟು, ಜಿಎಸ್‌ಟಿ ಸೇರಿದೆಯೇ ಎಂಬುದನ್ನು ಬಿಡಿಬಿಡಿಯಾಗಿ ಕೇಳಿ ಬರೆದುಕೊಳ್ಳಬೇಕು.

ಪ್ರಿಂಟಿನ ಖರ್ಚು ವಿಸ್ತೀರ್ಣದ ಜೊತೆಗೆ ಏರುತ್ತದೆ. 8×12 ಇಂಚಿನ ಚಿತ್ರ 96 ಚದರ ಇಂಚು. ಎರಡೂ ಬದಿ ಇಮ್ಮಡಿಯಾಗಿ 16×24 ಆದರೆ 384. 24×36 ಆದರೆ 864, ಅಂದರೆ 6 ಚದರ ಅಡಿ, ಮೊದಲಿನದರ ಒಂಬತ್ತು ಪಟ್ಟು. ಕಟ್ಟಿನ ಖರ್ಚಾದರೋ ಸುತ್ತಳತೆಯನ್ನು ಅನುಸರಿಸುವುದರಿಂದ ಅಷ್ಟು ವೇಗವಾಗಿ ಏರುವುದಿಲ್ಲ: 8×12ಕ್ಕೆ ಸುಮಾರು ಮೂರೂಕಾಲು ಅಡಿ ಪಟ್ಟಿ ಬೇಕಾದರೆ 24×36ಕ್ಕೆ ಹತ್ತು ಅಡಿ ಸಾಕು. ಮೂಲೆಗಳನ್ನು ಓರೆಯಾಗಿ ಕತ್ತರಿಸುವಾಗ ಹೋಗುವ ಪಟ್ಟಿ ಇದಕ್ಕೆ ಸೇರುತ್ತದೆ.

ಹೆಚ್ಚಿನವರು ಗಮನಿಸದ ಇನ್ನೊಂದು ವಿಷಯ ಕಾಗದದ ರೋಲಿನ ಅಗಲ. ದೊಡ್ಡ ಇಂಕ್‌ಜೆಟ್ ಯಂತ್ರಗಳಲ್ಲಿ 24 ಮತ್ತು 44 ಇಂಚಿನ ರೋಲುಗಳು ಸಾಮಾನ್ಯ. 24 ಇಂಚಿನ ರೋಲಿನಲ್ಲಿ 20×30ರ ಚಿತ್ರ ತೆಗೆದರೆ ಪಕ್ಕದ ನಾಲ್ಕು ಇಂಚು ಕಾಗದ ವ್ಯರ್ಥವಾಗುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯುವ ಕಡೆ ನೀವು 4.2 ಚದರ ಅಡಿಯ ಬದಲು 5 ಚದರ ಅಡಿಗೆ ಹಣ ಕೊಟ್ಟಂತಾಗುತ್ತದೆ. ಆದ್ದರಿಂದ ರೋಲಿನ ಅಗಲ ತಿಳಿದುಕೊಂಡ ಮೇಲೆಯೇ ಅಳತೆಯನ್ನು ನಿರ್ಧರಿಸುವುದು ಜಾಣತನ. ಬಹುತೇಕ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಚಿತ್ರ 3:2 ಅನುಪಾತದ್ದಾಗಿರುವುದರಿಂದ 20×30, 24×36 ಅಳತೆಗಳಿಗೆ ಏನನ್ನೂ ಕತ್ತರಿಸದೆ ಕೂರುತ್ತದೆ. 16×20ಕ್ಕೆ ಹೋದರೆ ಅಂಚು ಹೋಗುತ್ತದೆ.

ಕಡತದಲ್ಲಿ ಸಾಕಷ್ಟು ಪಿಕ್ಸೆಲ್ ಇಲ್ಲದಿದ್ದರೆ ಎಷ್ಟು ಒಳ್ಳೆಯ ಕಾಗದಕ್ಕೆ ಹಣ ಸುರಿದರೂ ಪ್ರಯೋಜನವಿಲ್ಲ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ 6000×4000 ಪಿಕ್ಸೆಲ್ ಇರುತ್ತವೆ; 36 ಇಂಚಿಗೆ ಹಂಚಿದರೆ ಇಂಚಿಗೆ ಸುಮಾರು 166. ಐದಾರು ಅಡಿ ದೂರದಿಂದ ನೋಡುವ ಗೋಡೆಯ ಚಿತ್ರಕ್ಕೆ 150 ಇದ್ದರೂ ಧಾರಾಳವಾಯಿತು, 300 ಇರಲೇಬೇಕೆಂದು ಹಟ ಹಿಡಿಯಬೇಕಿಲ್ಲ. ಆದರೆ ವಾಟ್ಸ್‌ಆಪ್‌ನಲ್ಲಿ ಫೋಟೋ ಆಗಿ ಕಳಿಸಿದ ಚಿತ್ರ ಕುಗ್ಗಿಹೋಗಿರುತ್ತದೆ. ಮೂಲ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಕೊಡಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ.

ಭಾನುವಾರ ಸಂಜೆ ದೀಪ ಹೊತ್ತಿದ ಅರಮನೆಯ ಚಿತ್ರವನ್ನೇ ತೆಗೆದುಕೊಳ್ಳಿ. ಮೊಬೈಲ್ ಪರದೆಯ ಮೇಲೆ ಅದು ಝಗಮಗಿಸುತ್ತದೆ, ಏಕೆಂದರೆ ಪರದೆ ತಾನೇ ಬೆಳಕು ಸೂಸುತ್ತದೆ; ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಪರದೆಯಲ್ಲಿ ಕಂಡ ಗೋಪುರದ ಹಿಂದಿನ ಕಡುನೀಲಿ ಆಕಾಶ ಪ್ರಿಂಟಿನಲ್ಲಿ ಕಪ್ಪಾಗಿ ಮುಚ್ಚಿಹೋಗಬಹುದು, ಬಲ್ಬುಗಳ ಸಾಲು ಬಿಳಿ ಗೆರೆಯಾಗಿ ಸುಟ್ಟಂತೆ ಕಾಣಬಹುದು. ಪೂರ್ತಿ ಚಿತ್ರವನ್ನು ಕುಗ್ಗಿಸಿ ಪರೀಕ್ಷಾ ಪ್ರಿಂಟ್ ತೆಗೆಸಿದರೆ ಬಣ್ಣವಷ್ಟೇ ತಿಳಿಯುತ್ತದೆ, ವಿವರ ತಿಳಿಯುವುದಿಲ್ಲ. ಅದಕ್ಕೇ ಗೋಪುರ, ಆಕಾಶ, ಬಲ್ಬಿನ ಸಾಲು ಮೂರೂ ಸೇರುವ 8×12 ಇಂಚಿನ ಒಂದು ತುಂಡನ್ನು ಕುಗ್ಗಿಸದೆ, 24×36ರ ಪ್ರಿಂಟಿನಲ್ಲಿ ಬರುವ ಗಾತ್ರದಲ್ಲಿಯೇ, ಅದೇ ಕಾಗದದ ಮೇಲೆ ಮೊದಲು ತೆಗೆಸಿ, ಮನೆಗೆ ತಂದು, ಚಿತ್ರ ತೂಗುಹಾಕುವ ಗೋಡೆಯ ಮೇಲೆಯೇ ಹಗಲಿನಲ್ಲೂ ದೀಪದಲ್ಲೂ ನೋಡಿ. ದೊಡ್ಡ ಪ್ರಿಂಟಿನ ಒಂಬತ್ತನೇ ಒಂದು ಭಾಗದಷ್ಟು ಖರ್ಚಿನಲ್ಲಿ ಉಳಿದ ಹಣಕ್ಕೆ ಭದ್ರತೆ ಸಿಗುತ್ತದೆ. ಇಡೀ ಪ್ರಕ್ರಿಯೆಯಲ್ಲಿ ಕೈಬಿಡಲೇಬಾರದ ಖರ್ಚು ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಹಲವು ವರ್ಷ ಉಳಿಯಬೇಕಾದ ಚಿತ್ರಕ್ಕೆ ಬೇಗ ಮಾಸದ ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ ಪ್ರಿಂಟನ್ನೋ, ಬೆಳಕಿನಿಂದ ಚಿತ್ರ ಮೂಡಿಸುವ ಲ್ಯಾಬಿನ ಸಿಲ್ವರ್ ಹ್ಯಾಲೈಡ್ ಕಾಗದವನ್ನೋ ಆರಿಸಿ. ಫ್ಲೆಕ್ಸ್ ಅಗ್ಗವೆಂಬುದು ನಿಜ, ಆದರೆ ಅದು ಛತ್ರದ ಬಾಗಿಲಿನ ಸ್ವಾಗತ ಫಲಕಕ್ಕೇ ಸರಿ. ಗಾಜು ಹಾಕಿಸುವುದಾದರೆ ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು, ಇರಲಿ. ಮಳೆಗಾಲದ ತೇವಕ್ಕೆ ಪ್ರಿಂಟು ಗಾಜಿಗೆ ಅಂಟಿಕೊಂಡರೆ ಬಿಡಿಸಲಾಗುವುದಿಲ್ಲ. ಸುತ್ತಲೂ ಎರಡಿಂಚಿನ ಮೌಂಟ್ ಬಿಟ್ಟರೆ 24×36ರ ಚಿತ್ರ 28×40 ಆಗಿ, ಗಾಜು 6ರಿಂದ 7.8 ಚದರ ಅಡಿಗೆ ಏರುತ್ತದೆ ಎಂಬುದನ್ನು ಅಂದಾಜಿನಲ್ಲಿ ಸೇರಿಸಿಕೊಳ್ಳಿ. ಗಾಜು ಬೇಡವೆನ್ನುವವರು ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ ಸನ್‌ಬೋರ್ಡ್ ಎಂಬ ಹಗುರವಾದ ಫೋಮ್ ಹಲಗೆಗೆ ಅಂಟಿಸಿದರೆ ತೂಕವೂ ಖರ್ಚೂ ತಗ್ಗುತ್ತವೆ.

ಮನೆಯ ಹಿರಿಯರ ಹಳೆಯ ಭಾವಚಿತ್ರವನ್ನು ದೊಡ್ಡದು ಮಾಡಿಸುವವರು ಅದನ್ನು ಮೊಬೈಲಿನಲ್ಲಿ ತೆಗೆದು ಕೊಡಬಾರದು. 4×6 ಇಂಚಿನ ಫೋಟೋವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿದರೆ 2400×3600 ಪಿಕ್ಸೆಲ್ ಸಿಗುತ್ತದೆ, ಮೂಲ ಫೋಟೋ ಸ್ಪಷ್ಟವಾಗಿದ್ದರೆ 16×24ರವರೆಗೆ ಹೋಗಬಹುದು. ಕಲೆ, ಗೀರು ತಿದ್ದುವ ಕೂಲಿ ಬೇರೆ. ಅದನ್ನು ಮೊದಲೇ ಮಾತಾಡಿಕೊಳ್ಳಿ. ಪಿತೃಪಕ್ಷಕ್ಕೆ ಬೇಕಾದದ್ದಾದರೆ ಹದಿನೈದು ದಿನ ಮುಂಚೆಯೇ ಕೊಡುವುದು ಲೇಸು, ಅವಸರದ ಕೆಲಸದಲ್ಲಿ ಪರೀಕ್ಷಾ ಪ್ರಿಂಟ್ ತೆಗೆಸಲು ಸಮಯ ಉಳಿಯುವುದಿಲ್ಲ. ಮಂಡ್ಯ ಕಡೆಯ ಹಳ್ಳಿಗೆ ಒಯ್ಯುವವರು ಮೈಸೂರಿನಲ್ಲಿ ಪ್ರಿಂಟನ್ನು ಮಾತ್ರ ತೆಗೆಸಿ, ಅಗಲವಾದ ಕೊಳವೆಯಲ್ಲಿ ಸುತ್ತಿಕೊಂಡು ಹೋಗಿ, ಕಟ್ಟನ್ನು ಮಂಡ್ಯದಲ್ಲಿಯೇ ಹಾಕಿಸಿದರೆ ಬಸ್ಸಿನಲ್ಲಿ ಗಾಜು ಒಡೆಯುವ ಭಯವಿರುವುದಿಲ್ಲ, ಗಾಡಿ ಬಾಡಿಗೆಯೂ ಉಳಿಯುತ್ತದೆ.