ಎಪ್ಪತ್ತು ದಾಟಿದವರ ಸೈನಸ್: ಮೊದಲು ತೊಳೆಸಿ, ಆಮೇಲೆ ಔಷಧ

ಎಪ್ಪತ್ತು ದಾಟಿದ ಸೈನಸ್ ರೋಗಿಗಳಿಂದ ದಿನಕ್ಕೆರಡು ಸಲ ಬಾಟಲಿಯಲ್ಲಿ ಮೂಗು ತೊಳೆಸುವುದು ಆಗಹೋಗದ ಮಾತು ಎಂದು ಉಡುಪಿಯ ಇಎನ್‌ಟಿ (ಕಿವಿ, ಮೂಗು, ಗಂಟಲು) ವೈದ್ಯ ಗೆಳೆಯರೇ ಹೇಳಿದ್ದರು. ಈಗ ತಮ್ಮ ರೋಗಿಗಳನ್ನು ಕಲಿಯಲು ನಮ್ಮಲ್ಲಿಗೇ ಕಳಿಸುತ್ತಾರೆ.

ಈ ವಯಸ್ಸಿನಲ್ಲಿ ಊತದ ಜೊತೆಗೆ ಮೂಗು ಒಣಗಿರುತ್ತದೆ. ಸಿಂಬಳ ತಳ್ಳುವ ರೋಮಗಳು ನಿಧಾನವಾಗಿ, ಹಕ್ಕಳೆ ಕಟ್ಟಿಕೊಂಡಿರುತ್ತದೆ. ಅದರ ಮೇಲೆ ಊತ ಇಳಿಸುವ ಸ್ಟೆರಾಯ್ಡ್ ಸ್ಪ್ರೇ ಹೊಡೆದರೆ ಔಷಧ ಹಕ್ಕಳೆಗೇ ಹೋಯಿತು. ಗುಣ ಕಾಣದೆ ಆಂಟಿಬಯೋಟಿಕ್ ಬದಲಿಸುತ್ತಾ ಹೋದೆವು, ಶುರುವಿನಲ್ಲಿ ರೋಗಿಗಳ ದುಡ್ಡು ಹಾಳಾದದ್ದು ಹೀಗೆ.

ತೊಳೆಯುವ ನೀರು ಹೀಗೆ: ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ. ಬಾಟಲಿಗೆ 240 ಮಿ.ಲೀ., ಮೈ ಬಿಸಿಯಷ್ಟು. ಉಪ್ಪನ್ನು ತೂಗಿಯೇ ಹಾಕಿಸಿ, ಕಲ್ಲುಪ್ಪಿನ ಚಮಚಕ್ಕೂ ಪುಡಿ ಉಪ್ಪಿನ ಚಮಚಕ್ಕೂ ತೂಕ ಬೇರೆ. ಉಪ್ಪು ಕಡಿಮೆಯಾದರೆ ಮೂಗು ಉರಿದು ಮರುದಿನವೇ ಬಿಟ್ಟುಬಿಡುತ್ತಾರೆ. ಅಂಗಡಿಯ ಸಿದ್ಧ ಉಪ್ಪಿನ ಪೊಟ್ಟಣ ಒಂದಕ್ಕೆ ಹತ್ತು ರೂಪಾಯಿ ಹಿಡಿದರೂ ತಿಂಗಳಿಗೆ ಆರುನೂರು. ಮನೆಯದ್ದು ಇಪ್ಪತ್ತು ದಾಟದು.

ನಮ್ಮೂರಲ್ಲಿ ದೊಡ್ಡ ತಲೆನೋವು ಬಚ್ಚಲ ಹಂಡೆ. ಹೇಗೂ ಬಿಸಿ ಇದೆಯಲ್ಲ ಎಂದು ಬಾವಿ ನೀರನ್ನು ಅದರಿಂದಲೇ ಮೊಗೆಯುತ್ತಾರೆ. ಹಂಡೆಯ ನೀರು ಕುದಿದಿರುವುದಿಲ್ಲ, ಅದರಲ್ಲಿ ನೆಗ್ಲೇರಿಯಾ ಎಂಬ ಅಮೀಬಾ ಇದ್ದರೆ ಮೂಗಿನಿಂದ ನೇರ ಮಿದುಳಿಗೆ ಹತ್ತುತ್ತದೆ. ಒಲೆಯ ಮೇಲೆ ಒಂದು ನಿಮಿಷ ಕೊತಕೊತ ಕುದಿಸಿ, ಮುಚ್ಚಿ ಆರಿಸಿ, ಅದೇ ದಿನ ಮುಗಿಸಬೇಕು.

ತಲೆ ವಾಲಿಸಿ ಮೂಗಿಗೆ ನೀರು ಸುರಿಯುವ ನೇತಿ ಪಾತ್ರೆ ಇವರಿಗೆ ಒಗ್ಗುವುದಿಲ್ಲ, ಕುತ್ತಿಗೆ ಸವೆದವರು ತಲೆ ವಾಲಿಸಿದರೆ ತಲೆ ಸುತ್ತುತ್ತದೆ. ಕುರ್ಚಿಯಲ್ಲಿ ಕೂರಿಸಿ, ಮೊಣಕೈ ತೊಡೆಗೆ ಊರಿಸಿ, ಕೆಳಗಿನ ಬಕೆಟ್ ಕಾಣುವಷ್ಟು ಬಗ್ಗಿಸಿ. “ಅಜ್ಜಿ, ಬಾಯಿ ತೆಗ್ದು ಕ ಕ ಕ ಹೇಳ್ತಾ ಇರಿ.” ಕಿರುನಾಲಿಗೆಯ ಭಾಗ ಮೇಲೆದ್ದು ದಾರಿ ಮುಚ್ಚುತ್ತದೆ, ನೀರು ಇನ್ನೊಂದು ಹೊಳ್ಳೆಯಿಂದ ಹೊರಬರುತ್ತದೆ. ‘ಕ’ ನಿಂತಿತೋ, ನೀರು ಗಂಟಲಿಗಿಳಿದು ಕೆಮ್ಮು. ಮೊದಲ ವಾರ 60 ಮಿ.ಲೀ. ಸಾಕು. ನುಂಗಲು ತೊಂದರೆ ಇರುವ ಪಾರ್ಶ್ವವಾಯು, ಪಾರ್ಕಿನ್ಸನ್ ರೋಗಿಗಳಿಗೆ ಬೇಡವೇ ಬೇಡ.

ಕಾಲು ಗಂಟೆ ಬಿಟ್ಟು ಸ್ಪ್ರೇ. ಬಲಗೈಯಿಂದ ಎಡ ಹೊಳ್ಳೆಗೆ, ತುದಿ ಕಿವಿಯ ಕಡೆಗೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುವವರು ನಡುಗೋಡೆಗೆ ಹೊಡೆದುಕೊಂಡರೆ ರಕ್ತ ಬರುತ್ತದೆ. ಬ್ಯುಡೆಸೊನೈಡ್ ಎಂಬ ಸ್ಟೆರಾಯ್ಡನ್ನು ತೊಳೆಯುವ ನೀರಿಗೇ ಯಾರಿಗೆ, ಎಷ್ಟು ಬೆರೆಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಬಂದರೆ ತೋರಿಸುತ್ತೇನೆ.

ಬಿಸಿ ಗಂಜಿಯ ಮುಂದೆ ಕೂತೊಡನೆ ಮೂಗಲ್ಲಿ ತಿಳಿನೀರು ಇಳಿಯುವುದು ಮುಪ್ಪಿನ ಸೋರಿಕೆ, ಅದಕ್ಕೆ ಆಂಟಿಬಯೋಟಿಕ್ ದಂಡ. ಕಫ ಇಳಿದು ಕೆಮ್ಮು ಎನ್ನುವವರ ಬಿಪಿ ಮಾತ್ರೆ ರಾಮಿಪ್ರಿಲ್ಲೋ ಎನಾಲಾಪ್ರಿಲ್ಲೋ ನೋಡಿ, ಕೆಮ್ಮು ಆ ಮಾತ್ರೆಯದ್ದೇ ಇರಬಹುದು. ಒಂದೇ ಬದಿಯಿಂದ ಕೆಟ್ಟ ವಾಸನೆಯ ಕೀವು ಬಂದರೆ ಮೇಲ್ದವಡೆಯ ಹಲ್ಲು, ಫಂಗಸ್ ಉಂಡೆ, ಗಡ್ಡೆ ಯಾವುದೂ ಆಗಬಹುದು, ತೊಳೆಸುತ್ತಾ ಕೂರದೆ ಸಿಟಿ ಸ್ಕ್ಯಾನ್ ಮಾಡಿಸಿ. ಸಕ್ಕರೆ ಕಾಯಿಲೆಯವರ ಮೂಗಲ್ಲಿ ಕಪ್ಪು ಹಕ್ಕಳೆ ಕಂಡರೆ ಆ ದಿನವೇ ಆಸ್ಪತ್ರೆಗೆ ಸೇರಿಸಬೇಕು.

ವಾಸನೆ ಹೋದವರಿಗೆ ನಾಲ್ಕು ಪರಿಮಳ ದಿನಕ್ಕೆರಡು ಸಲ ಮೂಸಿಸುವ ಅಭ್ಯಾಸವನ್ನು ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆ, ಶಂಕರಪುರ ಮಲ್ಲಿಗೆಯಿಂದ ಮಾಡಿಸಿ ನೋಡಿದೆವು. ಮಲ್ಲಿಗೆ ಕೈಕೊಟ್ಟಿತು. ಬೆಳಗಿನ ಘಮ ಸಂಜೆಗಿಲ್ಲ, ಮದುವೆ ಸೀಸನ್‌ನಲ್ಲಿ ಅಟ್ಟೆಯ (ಮಲ್ಲಿಗೆ ಮಾರುವ ಅಳತೆ) ದರ ಕೇಳುವ ಹಾಗೂ ಇಲ್ಲ. ಈಗ ಅದರ ಜಾಗದಲ್ಲಿ ಕಾಫಿ ಪುಡಿ, ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ.